ದಸ್ತಗೀರ ಸಾಹೇಬರು ಮನೆ ಬಿಟ್ಟುಕೊಟ್ಟ ಬಗೆ

ಗುಲಾಮ ದಸ್ತಗೀರ ಸಾಹೇಬರು ನಲವತ್ತು ವರ್ಷ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿದವರು. ಮೂಲೆಮಟ್ಟ ಇಟ್ಟು ನೋಡಿದಾಗ ಅಕ್ಕಿಕಾಳು ತೂರುವಷ್ಟು ಸಂದು ಕಂಡರೂ ಸಾಕು, ಆ ಕಲ್ಲನ್ನು ಬದಿಗೆ ಸರಿಸಿಬಿಡುತ್ತಿದ್ದರು. ಜೈತುನ್ಬೀ ಸೊಸೆಯಾಗಿ ಬಂದ ಮೊದಲ ವಾರದಲ್ಲಿ, ಆಕೆ ಹಾಸಿದ ಚಾಪೆ ಗೋಡೆಗೆ ಸಮವಾಗಿಲ್ಲವೆಂದು ಅದನ್ನೆತ್ತಿ ಮತ್ತೆ ಹಾಸಿದ್ದರು. ಆಕೆಗೆ ಆಗ ಮೈಯೆಲ್ಲ ಉರಿದಿತ್ತು. ಹನ್ನೊಂದು ವರ್ಷ ಕಳೆದರೂ ಆ ಉರಿ ಪೂರ್ತಿ ಆರಿರಲಿಲ್ಲ, ಆದರೆ ಚಾಪೆ ಮಾತ್ರ ಸಮವಾಗಿಯೇ ಬೀಳುತ್ತಿತ್ತು.

ಅವರ ಮನೆಗೆ ಮೂರು ಖೋಲಿ. ತಾವೇ ಬದಿಗೆ ಸರಿಸಿದ ಕಲ್ಲುಗಳನ್ನು ಅಗ್ಗಕ್ಕೆ ಕೊಂಡು, ರಜೆಯ ದಿನಗಳಲ್ಲಿ ಕೂತು ಅಂಚು ತಿದ್ದಿ, ಆರು ವರ್ಷ ಹಿಡಿದು ಕಟ್ಟಿದ ಮನೆ ಅದು. ಹೆಂಡತಿ ತೀರಿಹೋಗಿದ್ದಳು. ದೊಡ್ಡ ಮಗ ಶೌಕತ ಅಲಿ ವಾಡಿಯಲ್ಲಿ ಸಿಮೆಂಟು ಕಾರಖಾನೆಯ ಕ್ವಾರ್ಟರ್ಸಿನಲ್ಲಿದ್ದ. ಚಿಕ್ಕ ಮಗ ಅಬ್ದುಲ್ ಕರೀಮ್, ಅಂದರೆ ಜೈತುನ್ಬೀಯ ಗಂಡ, ಕಾಮಾಲೆ ಹತ್ತಿ ಎಂಟೇ ದಿನದಲ್ಲಿ ಹೋಗಿಬಿಟ್ಟ. ಆಗ ಮಗಳು ಆಶಾಬಿಗೆ ಆರು ವರ್ಷ.

ನಲವತ್ತನೆಯ ದಿನದ ಊಟಕ್ಕೆ ಬಂದ ಶೌಕತ ಅಲಿ ಕೈ ತೊಳೆಯುತ್ತ ಹೇಳಿದ: "ಅಬ್ಬಾ ಇರೋ ತನಕ ಜೈತುನ್ ಇಲ್ಲೇ ಇರ್ಲಿ, ಪಾಪ. ಆಮ್ಯಾಲ ಈ ಮನಿ ಮಾರಿ ವಾಡ್ಯಾಗ ಒಂದು ಜಾಗಾ ಹಿಡೀಬೇಕಂತ ಮಾಡೀನಿ. ಈಕಿಗಿ ಗುಂಡಗುರ್ತ್ಯಾಗ ಅಣ್ಣ ಇದ್ದಾನಲ್ಲ."

ಅವನು ಕೆಟ್ಟವನೇನಲ್ಲ. ಬಸ್ಸಿನ ವೇಳೆ ಹೇಳುವಷ್ಟೇ ಸಹಜವಾಗಿ ಹೇಳಿ, ಟವೆಲಿಗೆ ಕೈ ಒರೆಸಿಕೊಂಡ. ಗುಂಡಗುರ್ತಿಯ ಅಣ್ಣನ ಮನೆಯಲ್ಲಿ ಒಂದೇ ಖೋಲಿ, ಎಂಟು ಮಂದಿ, ಅದರ ಮೇಲೆ ಅತ್ತಿಗೆ ಬೇರೆ ಇದ್ದಳು. ಮಗಳನ್ನು ಕಟ್ಟಿಕೊಂಡು ಅಲ್ಲಿಗೆ ಹೋದರೆ ತಾನು ಸಾಯುವವರೆಗೂ ಮುಸುರೆ ತಿಕ್ಕುವುದೇ ಗತಿ ಎಂಬುದು ಜೈತುನ್ಬೀಗೆ ಚೆನ್ನಾಗಿ ಗೊತ್ತಿತ್ತು.

ದಸ್ತಗೀರ ಸಾಹೇಬರು ಮರುವಾರ ಸೊಸೆಯನ್ನು ಕರೆದುಕೊಂಡು ಚಿತ್ತಾಪುರಕ್ಕೆ ಹೋಗಿ, ಕೋರ್ಟಿನ ಹತ್ತಿರ ನಾಮದೇವ ವಕೀಲರ ಮುಂದೆ ಕೂತರು.

"ಸಾಹೇಬ್ರ, ನಿಮ್ಮ ಕಾನೂನಿನ್ಯಾಗ ಮಾವನ ಆಸ್ತಿ ಸೊಸಿಗಿ ಬರಂಗಿಲ್ಲ" ಎಂದರು ವಕೀಲರು. "ಇನ್ನೊಬ್ಬ ಮಗ ಜೀವಂತ ಇದ್ದಾನಲ್ಲ, ಅದಕ್ಕ ಮೊಮ್ಮಗಳಿಗೂ ಬರಂಗಿಲ್ಲ. ನಿಮ್ಮ ಹಿಂದ ಎಲ್ಲಾ ಶೌಕತ ಅಲೀಗೇ."

"ವಸೀಯತ್ ಬರದ್ರ?"

"ಮರಣಪತ್ರ ಮೂರರಾಗ ಒಂದು ಪಾಲಿಗಿ ಮಾತ್ರ ನಡೀತದ."

ಸಾಹೇಬರು ಮನಸ್ಸಿನಲ್ಲೇ ಮನೆಯನ್ನು ಅಳೆದರು. "ಅಂದ್ರ ಅಡಗಿ ಖೋಲಿ ಈಕಿಗಿ. ಪಡಸಾಲಿ, ಬಾಗಿಲಾ ಅವಗ. ಈಕಿ ಒಲಿ ಹಚ್ಚಾಕ ಯಾವ ದಾರೀಲಿ ಹೋಗ್ಬೇಕ್ರಿ?"

ವಕೀಲರು ತಮ್ಮ ಪುಸ್ತಕ ಬದಿಗೆ ಸರಿಸಿದರು. "ಅದಕ್ಕ ಗಟ್ಟಿಮುಟ್ಟ ಇದ್ದಾಗ್ಲೇ ಕೊಟ್ಟುಬಿಡ್ರಿ. ಹಿಬಾ ಅಂತಾರಲ್ಲ, ದಾನ, ಅದು. ನೀವು ಕೊಟ್ಟೆ ಅನ್ಬೇಕು, ಈಕಿ ಕಬೂಲ್, ಒಪ್ಪಿದೆ ಅನ್ಬೇಕು, ಆಮ್ಯಾಲ ನೀವು ಕಬ್ಜಾ ಬಿಡ್ಬೇಕು. ಕಬ್ಜಾ ಬಿಡೋದು ಅಂದ್ರ ನಿಮ್ಮ ಸಾಮಾನು ತಗೊಂಡು ಮನಿ ಬಿಟ್ಟು ಹೊರಗ ಬರೋದು."

"ಎಷ್ಟು ದಿನ?"

"ಅದಕ್ಕ ದಿನದ ಲೆಕ್ಕ ಇಲ್ರಿ. ಒಂದ್ ಸಲ ಬಂದ್ರ ಸಾಕು. ಆಮ್ಯಾಲ ಸೊಸಿ ಕರದ್ರ ಮೆಹಮಾನ ಆಗಿ, ಅತಿಥಿಯಂಗ ಹೋಗ್ರಿ. ನಾಳೆ ತಕರಾರು ಬಂತಂದ್ರ ಕಾಗದ ಒಂದೇ ನೋಡಂಗಿಲ್ಲ. ಮನಿಯವರಂಗ ಯಾರು ನಡಕೊಂಡ್ರು, ಯಾರು ಯಾರಿಗಿ ಕೇಳಿ ಒಳಗ ಬಂದ್ರು, ಅದನ್ನೂ ನೋಡ್ತಾರ."

ದಿನದ ಲೆಕ್ಕ ಇಲ್ಲವೆಂದು ಇಂಥ ಮನುಷ್ಯನಿಗೆ ಹೇಳಬಾರದಿತ್ತು. ವಕೀಲರಿಗೆ ಅದು ತಿಳಿಯುವ ಹಾಗಿರಲಿಲ್ಲ.

ಬಸ್ಸಿನಲ್ಲಿ ಜೈತುನ್ಬೀ, "ನಂಗ ಮನಿ ಬ್ಯಾಡ ಅಬ್ಬಾ, ಈ ವಯಸ್ಸಿನ್ಯಾಗ ನೀವು ಹೊರಗ ಇರೋದು ಬ್ಯಾಡ" ಎಂದಳು.

"ನಿಂಗ ಈಗ ಯಾರು ಕೇಳಿದ್ರು? ಕಬೂಲ್ ಅನ್ನೋ ದಿನಾ ಕೇಳ್ತೀನಿ" ಎಂದರು ಸಾಹೇಬರು.

ಅದು ರಾಜ್ಯಕ್ಕೆ ಕರ್ನಾಟಕವೆಂಬ ಹೊಸ ಹೆಸರು ಬಂದ ವರ್ಷ. ರಾಜ್ಯ ಇದ್ದಲ್ಲೇ ಇದ್ದುಕೊಂಡು ಹೆಸರು ಬದಲಿಸಿಕೊಂಡಿತ್ತು. ದಸ್ತಗೀರ ಸಾಹೇಬರಿಗೆ ಆ ಸೌಕರ್ಯ ಇರಲಿಲ್ಲ. ಒಂದು ಶುಕ್ರವಾರ ನಮಾಜು ಮುಗಿಸಿ ಬಂದವರೇ ಮಂಚ, ಟ್ರಂಕು, ಉಳಿ, ಸುತ್ತಿಗೆ, ನಮಾಜಿಗೆ ಹಾಸುವ ಜಾನಿಮಾಜು, ಎರಡು ಜೊತೆ ಬಟ್ಟೆ ಎಲ್ಲವನ್ನೂ ಒಂದೊಂದಾಗಿ ಓಣಿಗೆ ತಂದಿಟ್ಟರು. ಕಡೆಗೆ ಒಳಗೆ ಹೋಗಿ, ತಮ್ಮ ಟೊಪ್ಪಿಗೆ ತೂಗುಹಾಕುತ್ತಿದ್ದ ಮೊಳೆಯನ್ನೂ ಕಿತ್ತರು. ಅದರ ತೂತಿಗೆ ಸುಣ್ಣ ಮೆತ್ತಿ, ಬೆರಳಿನಿಂದ ಸವರಿ, ಗೋಡೆಗೆ ಸಮವಾಯಿತೇ ಎಂದು ತಲೆ ಓರೆ ಮಾಡಿ ನೋಡಿದರು.

ಸಾಕ್ಷಿಗೆ ಇಬ್ಬರು: ಚಹಾ ಹೋಟೆಲಿನ ಬಂದೇಅಲಿ, ಎದುರುಮನೆಯ ಕಾಶಪ್ಪ. ಓಣಿಯ ಉಳಿದವರು ಯಾರೂ ಕರೆಯದೆ ಬಂದು ನಿಂತಿದ್ದರು. ಸಾಹೇಬರು ಕೀಲಿಕೈಯನ್ನು ಸೊಸೆಯ ಅಂಗೈಗೆ ಹಾಕಿ, "ಈ ಮನಿ ನಿಂಗ ಕೊಟ್ಟೆ" ಎಂದರು.

ಜೈತುನ್ಬೀ ಹಿಂದೊಮ್ಮೆ ಕಬೂಲ್ ಎಂದದ್ದು ತನ್ನ ನಿಕಾಹದ ದಿನ. ಆ ಮನುಷ್ಯ ಈಗ ಇರಲಿಲ್ಲ. ಆಕೆ ಅಂಗೈಯ ಕೀಲಿಕೈಯನ್ನೇ ನೋಡುತ್ತ ನಿಂತಳು. ಬಂದೇಅಲಿ ಕೆಮ್ಮಿದ. ಕಾಶಪ್ಪ, "ಹೇಳವ್ವ, ಬಿಸಲು ಭಾಳ ಅದ" ಎಂದ. ಆಕೆ ಕಬೂಲ್ ಎಂದಳು, ಮತ್ತು ಜೋರಾಗಿ ಅತ್ತಳು. ಎರಡನ್ನೂ ಸಾಕ್ಷಿಗಳು ಕೇಳಿಸಿಕೊಂಡರು.

ಕಾಶಪ್ಪ ಎತ್ತು ಮಾರಿ ಎರಡು ವರ್ಷವಾಗಿತ್ತು. ಎತ್ತಿನ ಮೇವಿಗೆ ಕಣಕಿ ತುಂಬುತ್ತಿದ್ದ ಅವನ ಕೋಣೆ ಖಾಲಿ ಬಿದ್ದಿತ್ತು. ಸಾಹೇಬರ ಮಂಚ ಅಲ್ಲಿಗೆ ಹೋಯಿತು. ಬಾಡಿಗೆ ಬೇಡವೆಂದು ಕಾಶಪ್ಪ ಹಟ ಹಿಡಿದ. ಹಾಗಾದರೆ ನಾನು ಋಣದಲ್ಲಿ ಇರಲಾರೆನೆಂದು ಸಾಹೇಬರು ಆ ಕೋಣೆಯ ಮಣ್ಣು ನೆಲಕ್ಕೆ ಪೂರ್ತಿ ಫರಸಿ ಹಾಸಿಬಿಟ್ಟರು. ಕಾಶಪ್ಪನ ಹೆಂಡತಿ ಚಂದಮ್ಮ ಅದನ್ನು ನೋಡಿ, ನಮ್ಮ ಪಡಸಾಲೆಗಿಂತ ಎತ್ತಿನ ಕೋಣೆಯೇ ಚೆಂದ ಆಯಿತೆಂದು ಗಂಡನನ್ನು ಎರಡು ತಿಂಗಳು ತರಾಟೆಗೆ ತೆಗೆದುಕೊಂಡಳು.

ಮನೆ ಬಿಟ್ಟ ದಿನವೇ ಸಂಜೆಯ ಹೊತ್ತಿಗೆ ಮಾವ ವಾಪಸು ಬರುತ್ತಾರೆಂದು ಜೈತುನ್ಬೀ ರೊಟ್ಟಿ ಬಡಿದಿಟ್ಟಿದ್ದಳು. ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬಾಗಿಲ ಹೊರಗೆ ಕೆಮ್ಮಿದ ಸದ್ದಾಯಿತು.

"ಮನ್ಯಾಗ ಯಾರರ ಅದಾರೇನ್ರಿ?"

ಆಕೆ ಓಡಿ ಬಂದಳು. ಸಾಹೇಬರು ಹೊಸ್ತಿಲಿನಿಂದ ಎರಡು ಹೆಜ್ಜೆ ಆಚೆ ಚಪ್ಪಲಿ ಬಿಟ್ಟು ನಿಂತಿದ್ದರು. "ಹುಡಗಿಗಿ ನೋಡಿ ಹೋಗ್ತೀನಿ. ಒಳಗ ಬರ್ಲೇನು?"

"ಇದೇನ್ ಅಬ್ಬಾ ನೀವು! ಓಣಿ ನಗ್ತದ, ಬರ್ರಿ."

"ನಗ್ಲಿ. ನೋಡಿದವ್ರೇ ನಗ್ತಾರ" ಎಂದು ಒಳಗೆ ಬಂದರು. ಮೊಮ್ಮಗಳ ತಲೆ ಸವರಿ, ಮೆಹಮಾನರ ಕುರ್ಚಿಯ ಅಂಚಿಗೆ ಕೂತು, ಚಹಾ ಕುಡಿದು, ಅರ್ಧ ಗಂಟೆಗೆ ಎದ್ದರು. ಚಾಪೆ ಸೊಟ್ಟಗೆ ಬಿದ್ದಿದ್ದು ಕಂಡರೂ ಮುಟ್ಟಲಿಲ್ಲ. ಅದು ತಮ್ಮ ಮನೆಯಲ್ಲವಲ್ಲ. ಹೋಗುವಾಗ ಮಾತ್ರ ಎರಡು ಸಲ ಅದರ ಕಡೆ ತಿರುಗಿ ನೋಡಿದರು.

ಹೀಗೆ ಮೂರು ವರ್ಷ ನಡೆಯಿತು. ದಿನಾ ಬರುವರು, ದಿನಾ ಕೆಮ್ಮುವರು, ದಿನಾ ಕೇಳುವರು. ಒಳಗೆ ಒಂದು ರಾತ್ರಿಯೂ ಮಲಗಲಿಲ್ಲ. ಶೌಕತ ಅಲಿಗೂ ಸುದ್ದಿ ಮುಟ್ಟಿತ್ತು, ಆದರೆ ಅವನ ಬಾಯಲ್ಲಿ ಅದು ಅಬ್ಬಾನ ಮನೆಯಾಗಿಯೇ ಉಳಿಯಿತು. ಈದ್ ಹಬ್ಬದ ದಿನ ಸಾಹೇಬರು ಮೆಹಮಾನರ ಹಾಗೆ ಕೈಯಲ್ಲಿ ಮಿಠಾಯಿ ಪುಡಿಕೆ ಹಿಡಿದು ಬರುತ್ತಿದ್ದರು. ಮಳೆಗಾಲದಲ್ಲಿ ಚಾವಣಿಯ ಕಲ್ಲಿನ ಸಂದಿನಿಂದ ಹನಿ ಬಿದ್ದಾಗ, "ನಿಮ್ಮ ಮಾಳಗಿ ಸೋರಾಕತ್ತದ, ದುರಸ್ತಿ ಮಾಡ್ಲೇನು?" ಎಂದು ಸೊಸೆಯನ್ನು ಬಹುವಚನದಲ್ಲಿ ಕೇಳಿ, ಆಕೆ ಹೂಂ ಅಂದಮೇಲೆಯೇ ಏಣಿ ಹತ್ತಿದರು. ಚಿತ್ತಾಪುರಕ್ಕೆ ಹೋದಾಗ ನಾಮದೇವ ವಕೀಲರು, ಇಷ್ಟೆಲ್ಲ ಬೇಕಾಗಿರಲಿಲ್ಲವೆಂದು ಮೂರು ಸಲ ಹೇಳಿದರು. ಸಾಹೇಬರು, "ಇಷ್ಟು ಸಾಕು ಅಂತ ಬರದು ಕೊಡ್ರಿ" ಎಂದಾಗ ವಕೀಲರು ಪೆನ್ನು ಮುಚ್ಚಿಟ್ಟರು.

ಜೈತುನ್ಬೀಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಸಿಟ್ಟು. ಬರಬರುತ್ತ, ಆ ಕೆಮ್ಮು ಕೇಳದಿದ್ದರೆ ಕೆಲಸಕ್ಕೆ ಕೈ ಹೋಗುತ್ತಿರಲಿಲ್ಲ. ಬರ್ರಿ ಎಂದು ದಿನಾ ಹೇಳಿ ಹೇಳಿ, ಯಾವಾಗಲೋ ಆಕೆಗೆ ಇದು ತನ್ನ ಮನೆ ಎಂದು ನಿಜವಾಗಿಯೂ ಅನಿಸತೊಡಗಿತ್ತು.

ನಾಲ್ಕನೆಯ ಚಳಿಗಾಲದಲ್ಲಿ ಸಾಹೇಬರು ಹಾಸಿಗೆ ಹಿಡಿದರು. ಕಲ್ಲಿನ ಧೂಳು ನಲವತ್ತು ವರ್ಷ ಎದೆಯೊಳಗೆ ಕೂತಿತ್ತು. ಜೈತುನ್ಬೀ ಗಂಜಿ ತಂದು, ಮಂಚದ ಬದಿಗೆ ಕೂತು, "ಮನಿಗಿ ನಡೀರಿ ಅಬ್ಬಾ" ಎಂದಳು.

"ಬ್ಯಾಡ. ಅಲ್ಲಿ ಸತ್ತೆ ಅಂದ್ರ ಶೌಕತ ಏನಂತಾನ? ನಮ್ಮಪ್ಪ ತನ್ನ ಮನ್ಯಾಗೇ ಸತ್ತ ಅಂತಾನ. ಮೂರು ವರ್ಷದ್ದು ಒಂದು ದಿನದಾಗ ಹೋಗ್ತದ."

"ಹೋದ್ರ ಹೋಗ್ಲಿ! ಮನಿ ನಂದಲ್ಲ? ನಾ ಕರದವ್ರು ಬರಂಗಿಲ್ಲ ಅಂದ್ರ ಅದು ಎಂಥ ನನ್ನ ಮನಿ?"

ಸಾಹೇಬರು ಗಂಜಿಯ ಬಟ್ಟಲು ಕೈಗೆ ತೆಗೆದುಕೊಂಡರು. ಮಾತು ಸರಿಯಾಗಿದೆ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. "ಆರಾಮ ಆದ ಮ್ಯಾಲ ಬರ್ತೀನಿ. ನೀ ಕರದೀ ಅಂತ ನೆನಪಿಡ್ತೀನಿ" ಎಂದರು.

ಆರಾಮ ಆಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಕಾಶಪ್ಪನ ಕೋಣೆಯ ಬಾಗಿಲಿನಿಂದ ಎದುರಿನ ಮನೆ ಕಾಣುವ ಹಾಗೆ ಮಂಚ ತಿರುಗಿಸಿಕೊಂಡು, ಹೋಗಿಬಿಟ್ಟರು. ಜೈತುನ್ಬೀ ಆ ಮಂಚದ ಕಾಲು ಹಿಡಿದು ಅತ್ತಳು. ಹಟಮಾರಿ, ಹಟಮಾರಿ ಎಂದು ಬೈಯುತ್ತಲೇ ಅತ್ತಳು.

ಮಧ್ಯಾಹ್ನದ ರೈಲಿಗೆ ಶೌಕತ ಅಲಿ ವಾಡಿಯಿಂದ ಬಂದ. ಅಪ್ಪನ ಕಾಲಿಗೆ ಹಣೆ ಹಚ್ಚಿ ಮಗುವಿನ ಹಾಗೆ ಅತ್ತ. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು ಸುತ್ತ ನೋಡಿದ. ಕೋಣೆ ಇಕ್ಕಟ್ಟು. ಮಯ್ಯತ್ತಿಗೆ ಸ್ನಾನ ಮಾಡಿಸಲು ಜಾಗವಿರಲಿಲ್ಲ.

"ಎತ್ತಿನ ಕೋಣ್ಯಾಗಿಂದ ನಮ್ಮಪ್ಪನ ಜನಾಜಾ ಹೊಂಡಬಾರ್ದು. ಅಬ್ಬಾನ ಮನಿಗಿ ತಗೊಂಡು ನಡ್ರಿ" ಎಂದ.

ಯಾರಿಗೂ ಅದು ತಪ್ಪು ಕಾಣಲಿಲ್ಲ. ಮಂಚದ ನಾಲ್ಕು ಮೂಲೆಗೆ ನಾಲ್ವರು ಹೆಗಲು ಕೊಟ್ಟರು: ಮುಂದೆ ಶೌಕತ ಅಲಿ ಮತ್ತು ಕಾಶಪ್ಪ, ಹಿಂದೆ ಬಂದೇಅಲಿ ಮತ್ತು ಇನ್ನೊಬ್ಬ. ಓಣಿ ದಾಟಲು ಹತ್ತೇ ಹೆಜ್ಜೆ.

ಜೈತುನ್ಬೀ ಅವರಿಗಿಂತ ಮುಂಚೆ ಓಡಿಹೋಗಿ ಬಾಗಿಲು ತೆರೆದಳು. ತೆರೆದವಳು ಅಲ್ಲೇ ನಿಂತಳು. ಅಬ್ಬಾನ ಮನೆ ಎಂದು ಇವನು ಈಗ ಒಳಗೆ ಕಾಲಿಟ್ಟರೆ, ನಾಳೆ ಅದೇ ಮಾತು ಚಿತ್ತಾಪುರದ ಕೋರ್ಟಿನಲ್ಲಿ ನಿಲ್ಲುತ್ತದೆ. ಮೂರು ದಿನದ ಹಿಂದೆ ಯಾರನ್ನು ಬನ್ನಿ ಬನ್ನಿ ಎಂದು ಗೋಗರೆದಿದ್ದಳೋ ಅವರನ್ನೇ ಈಗ ಬಾಗಿಲಲ್ಲಿ ತಡೆಯಬೇಕಾಗಿತ್ತು. ಸೆರಗು ತಲೆಗೆ ಎಳೆದುಕೊಂಡು, ಎರಡೂ ಕೈಯಿಂದ ಚೌಕಟ್ಟು ಹಿಡಿದಳು.

"ಭಾಯಿ, ಕೇಳಿ ಒಳಗ ಬರ್ರಿ."

"ಏನು ಕೇಳ್ಬೇಕು?"

"ಬರ್ಲೇನು ಅಂತ ಕೇಳ್ರಿ."

ಶೌಕತ ಅಲಿಯ ಮುಖ ಕೆಂಪಗಾಯಿತು. "ನಮ್ಮಪ್ಪನ ಹೆಣ ಹೊತ್ತು ನಿಂತೀನಿ, ನಮ್ಮಪ್ಪನ ಮನಿ ಮುಂದ. ನಾ ಕೇಳ್ಬೇಕಾ? ನಿಂಗ?"

ಕಾಶಪ್ಪ ಹೆಗಲ ಮೇಲಿನ ಭಾರವನ್ನು ಸ್ವಲ್ಪ ಸರಿಸಿಕೊಂಡ.

"ಕೇಳು ತಮ್ಮಾ" ಎಂದ. "ನಿಮ್ಮಪ್ಪ ಮೂರು ವರ್ಷ ದಿನಾ ಕೇಳ್ಯಾನ. ಹೋಗ್ಲಾಕತ್ತ ಮನಷ್ಯಾನ ಕೈಲಿ ಇವತ್ತೊಂದು ದಿನ ತಪ್ಪಸಬ್ಯಾಡ."

ಶೌಕತ ಅಲಿ ಕಾಶಪ್ಪನನ್ನು ನೋಡಿದ. ತಿರುಗಿ ಬಂದೇಅಲಿಯನ್ನು ನೋಡಿದ, ಓಣಿಯಲ್ಲಿ ನಿಂತ ಮಂದಿಯನ್ನು ನೋಡಿದ. ಒಬ್ಬರೂ ಕಣ್ಣು ಕೆಳಗೆ ಹಾಕಲಿಲ್ಲ. ಮಂಚ ಭಾರವಾಗಿತ್ತು.

"ಜೈತುನ್" ಎಂದ. "ಅಬ್ಬಾಗ ಒಳಗ ತರ್ಲೇನು?"

ಎಲ್ಲರಿಗೂ ಕೇಳಿಸುವ ಹಾಗೆಯೇ ಕೇಳಿದ. ಜೈತುನ್ಬೀ ಅವನ ಕಡೆ ನೋಡಲಿಲ್ಲ. ಮಂಚದ ಮೇಲಿನ ಮುಖವನ್ನು ನೋಡುತ್ತ, "ಬರ್ರಿ ಅಬ್ಬಾ, ಒಳಗ ಬರ್ರಿ" ಎಂದು ಬಾಗಿಲ ಬದಿಗೆ ಸರಿದು ನಿಂತಳು.