ದಾಳಿಂಬೆಯ ಋಣ

ಕ್ರೋಯ್ಡನ್‌ನ ತರಕಾರಿ ಅಂಗಡಿಯಲ್ಲಿ ಮೊಸರನ್ನಕ್ಕೆಂದು ದಾಳಿಂಬೆ ಆರಿಸುತ್ತಿದ್ದೆ. ಅಂಗಡಿಯ ಗ್ರೀಕ್ ಹೆಂಗಸು ತಮ್ಮ ಕಡೆಯ ಹಳೇ ಕಥೆ ತೆಗೆದರು. ಪೈರಿನ ದೇವತೆಯ ಮಗಳನ್ನು ಪಾತಾಳದ ರಾಜ ಹೊತ್ತೊಯ್ದನಂತೆ. ಅಲ್ಲಿ ಅವನು ಕೊಟ್ಟ ಆರು ದಾಳಿಂಬೆ ಕಾಳು ತಿಂದ ತಪ್ಪಿಗೆ ಅವಳು ವರ್ಷಕ್ಕೆ ಆರು ತಿಂಗಳು ಅಲ್ಲಿಗೆ ಹೋಗಲೇಬೇಕು. ತಾಯಿ ಕೊರಗುವ ಆ ತಿಂಗಳುಗಳೇ ಚಳಿಗಾಲ.

"ಅನ್ನದ ಋಣ. ನಮ್ಮಲ್ಲೂ ಇದೆ," ಎಂದೆ.

"ನನ್ನ ಮಗಳು ಜಗಳವಾಡಿ ಹೋಗಿ ಎರಡು ವರ್ಷವಾಯಿತು. ಇವತ್ತು ಬರ್ತಾಳೆ, ಬರೀ ಟೀಗೆ."

"ತವರಿಗೆ ಬಂದ ಮಗಳನ್ನು ನಾವು ಬರೀ ಟೀ ಕೊಟ್ಟು ಕಳಿಸಲ್ಲ. ಆ ಪಾತಾಳದವನ ಹಾಗೆ ನೀವೂ ಏನಾದರೂ ತಿನ್ನಿಸಿಬಿಡಿ. ಮತ್ತೆ ಬರಲೇಬೇಕಾಗುತ್ತೆ."

ಆಕೆ ಮೊದಲ ಸಲ ನಕ್ಕರು. ನನ್ನ ಬುಟ್ಟಿಯಿಂದ ಎಲ್ಲಕ್ಕಿಂತ ಚೆಂದದ ಹಣ್ಣನ್ನು ಎತ್ತಿ, "ಇದು ಅವಳಿಗೆ," ಎಂದು ಒಳಗಿಟ್ಟರು.

ಉಪದೇಶಕ್ಕೆ ಮೊದಲು ಬಿಲ್ ಮಾಡಿಸಿಕೊಳ್ಳಬೇಕೆಂಬ ಬುದ್ಧಿ ಇಷ್ಟು ದೇಶ ಸುತ್ತಿದರೂ ನನಗೆ ಬಂದಿಲ್ಲ.