ಕೊನೆಯ ಪುಟದಿಂದ ಓದುವ ಷರಾ ಅಕ್ಕ

ನಮ್ಮ ಆಫೀಸಿನಲ್ಲಿ ಯಾವ ಕರಾರುಪತ್ರವನ್ನೂ ಮೊದಲ ಪುಟದಿಂದ ಓದುವ ರೂಢಿ ಇಲ್ಲ. ಷರಾ ಅಕ್ಕ ಕಾಗದದ ಕಟ್ಟನ್ನು ಕೈಗೆತ್ತಿಕೊಂಡರೆಂದರೆ ಮೇಜಿನ ಮೇಲೆ ಬೋರಲು ಹಾಕಿ ಕೊನೆಯ ಪುಟದಿಂದಲೇ ಶುರು. ಪೆನ್ಸಿಲ್ ಕಿವಿಯ ಮೇಲೆ, ಕನ್ನಡಕ ಮೂಗಿನ ತುದಿಯಲ್ಲಿ. ಸಂಶಯ ಬಂದ ಕಡೆಯಲ್ಲೆಲ್ಲ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಷರಾ ಬರೆಯುತ್ತಾರೆ. ಹೆಸರು ಬಂದದ್ದೂ ಅದರಿಂದಲೇ. ಯಾಕೆ ಹೀಗೆ ಉಲ್ಟಾ ಎಂದು ಹೊಸಬರು ಕೇಳಿದರೆ, "ಸೇರುವಾಗ ಎಲ್ಲರೂ ಒಳ್ಳೆಯವರೇ ಕಣ್ರೀ. ಬಿಟ್ಟು ಹೋಗುವಾಗ ಹೇಗಿರ್ತಾರೆ ಅನ್ನೋದು ಕೊನೇ ಪುಟದಲ್ಲಿರುತ್ತೆ" ಎನ್ನುತ್ತಾರೆ.

ಅವರು ಟೈಪಿಸ್ಟ್ ಆಗಿ ಸೇರಿದ್ದು ಮೂವತ್ತೊಂದು ವರ್ಷದ ಹಿಂದೆ, ನಮ್ಮಪ್ಪನ ಕಾಲದಲ್ಲಿ. ಅಪ್ಪ ದೊಡ್ಡ ವಕೀಲರು, ನಾನು ಚಿಕ್ಕ ವಕೀಲರು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು, ನನ್ನ ತಲೆ ಬೋಳಾಯಿತು, ಮಗಳ ಮದುವೆಯೂ ಆಯಿತು. ನಾನಿನ್ನೂ ಚಿಕ್ಕ ವಕೀಲರೇ. ಕಕ್ಷಿದಾರರ ಎದುರಿಗಾದರೂ ಆ 'ಚಿಕ್ಕ' ಬಿಟ್ಟುಬಿಡಿ ಎಂದು ಒಮ್ಮೆ ಗೋಗರೆದೆ. "ಆಗಲಿ ಚಿಕ್ಕ ವಕೀಲರೇ" ಎಂದರು. ಅವರೇನೂ ಕಾನೂನು ಓದಿದವರಲ್ಲ. ಆದರೆ ನನ್ನ ಕರಡಿನಲ್ಲಿರುವ ತೂತುಗಳ ವಿಷಯದಲ್ಲಿ ನಾನು ನ್ಯಾಯಾಧೀಶರಿಗಿಂತ ಹೆಚ್ಚು ಹೆದರುವುದು ಅವರಿಗೆ.

ಹೋದ ವರ್ಷ ಟೈರ್ ಸಾಹುಕಾರರು ಬಂದರು. ಟೈರ್ ಅಂಗಡಿಗಳನ್ನೆಲ್ಲ ಮಾರಿ ಕೈತುಂಬ ದುಡ್ಡಿಟ್ಟುಕೊಂಡು ಕೂತಿದ್ದ ಮನುಷ್ಯ. "ದಾನ ಮಾಡಿ ಮಾಡಿ ಸಾಕಾಯ್ತು ವಕೀಲ್ರೇ. ಕೊಟ್ಟಿದ್ದು ಒಂದೇ ಸಲಕ್ಕೆ ಕರಗಿ ಹೋಗುತ್ತೆ. ಜನಕ್ಕೆ ಉಪಯೋಗ ಆಗೋ ವ್ಯಾಪಾರಕ್ಕೇ ಬಂಡವಾಳ ಹಾಕೋಣ. ಅವರೂ ಬೆಳೀಲಿ, ನಮ್ಮ ದುಡ್ಡೂ ಲಾಭದ ಜೊತೆ ವಾಪಸ್ ಬರ್ಲಿ, ಆಮೇಲೆ ಇನ್ನೊಂದು ಕಡೆ ಹಾಕೋಣ" ಎಂದರು. ಇಂಥದಕ್ಕೆ ಇಂಪ್ಯಾಕ್ಟ್ ಫಂಡ್ ಎನ್ನುತ್ತಾರೆ. ಷರಾ ಅಕ್ಕ ಫೈಲಿನ ಮೇಲೆ 'ಪುಣ್ಯವೂ ಬೇಕು, ಬಡ್ಡಿಯೂ ಬೇಕು' ಎಂದು ಬರೆದು ಕಪಾಟಿನಲ್ಲಿಟ್ಟರು. ಸಾಹುಕಾರರು ಬಂದಾಗಲೆಲ್ಲ ಆ ಹೆಸರು ಕಾಣದ ಹಾಗೆ ಫೈಲ್ ಹಿಡಿಯುವುದೇ ನನಗೊಂದು ಕೆಲಸವಾಯಿತು.

ಹೂಡಿಕೆದಾರರು ಹತ್ತು ಜನ, ಫಂಡ್ ನಡೆಸಲು ಒಬ್ಬ ಮ್ಯಾನೇಜರ್ ಮೇಡಂ, ಅವಧಿ ಹತ್ತು ವರ್ಷ. ಯಾರ ಮಾತು ನಡೆಯಬೇಕು, ಮ್ಯಾನೇಜರಿಗೆ ಲಾಭದಲ್ಲಿ ಎಷ್ಟು ಪಾಲು, ಆದ ಒಳಿತನ್ನು ಯಾರು ಅಳೆಯಬೇಕು, ಎಲ್ಲವನ್ನೂ ಬರೆಯಬೇಕು. ಲಾಭ ಅಳೆಯುವುದು ಸುಲಭ. ಒಳಿತನ್ನು ಯಾವ ತಕ್ಕಡಿಯಲ್ಲಿ ಹಾಕುವುದು? ಮೂರು ವಾರ ತಲೆ ಕೆಡಿಸಿಕೊಂಡು ಐವತ್ತನಾಲ್ಕು ಪುಟ ಬರೆದೆ. ಮೊದಲ ಹೂಡಿಕೆ ಯಾವುದಕ್ಕೆ ಎಂಬುದೂ ಆಗಲೇ ಗೊತ್ತಾಗಿತ್ತು: ಬಸ್ ನಿಲ್ದಾಣದ ಹಿಂದಿನ ಡಯಾಲಿಸಿಸ್ ಕೇಂದ್ರ. ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ಸಲ ಬಂದು ರಕ್ತ ಶುದ್ಧ ಮಾಡಿಸಿಕೊಳ್ಳುವ ಜಾಗ. ಅಲ್ಲಿ ಎಂಟು ಹಾಸಿಗೆ ಬಡವರಿಗೆ ಅರ್ಧ ದರಕ್ಕೆ ಮೀಸಲು.

ಷರಾ ಅಕ್ಕ ಎಂದಿನಂತೆ ಕಟ್ಟನ್ನು ಬೋರಲು ಹಾಕಿದರು. ಕೊನೆಯ ಪುಟದಲ್ಲಿ ನಾನು ಬರೆದಿದ್ದೆ: ಹತ್ತನೆಯ ವರ್ಷ ಫಂಡ್ ಕೇಂದ್ರದಲ್ಲಿರುವ ತನ್ನ ಪಾಲನ್ನು ಅತಿ ಹೆಚ್ಚು ಬೆಲೆ ಕೊಡುವವರಿಗೆ ಮಾರತಕ್ಕದ್ದು. ಪಕ್ಕದಲ್ಲಿ ಅವರ ಷರಾ: 'ಕೊಂಡವರು ಅರ್ಧ ದರದ ಹಾಸಿಗೆ ತೆಗೆದುಹಾಕಿದರೆ? ಅದರ ಮೇಲೆ ಮಲಗಿದವರನ್ನು ಎಲ್ಲಿಗೆ ಕಳಿಸುವುದು?' ಅದರ ಕೆಳಗೆ ಒಂದು ಷರತ್ತನ್ನೂ ತಾವೇ ಬರೆದಿದ್ದರು. ಕೊಳ್ಳುವವರು ಆ ಎಂಟು ಹಾಸಿಗೆಗಳನ್ನು ಇನ್ನೂ ಹದಿನೈದು ವರ್ಷ ಹಾಗೆಯೇ ನಡೆಸಬೇಕು. ಒಪ್ಪದವರು ಎಷ್ಟೇ ಕೊಟ್ಟರೂ ಮಾರುವಂತಿಲ್ಲ.

ನಾಚಿಕೆಯಾಯಿತು. ಒಳಿತು ಮಾಡುವ ಫಂಡಿಗೆ ಐವತ್ತನಾಲ್ಕು ಪುಟ ಬರೆದವನಿಗೆ ಆ ಒಳಿತು ಹತ್ತು ವರ್ಷದ ಮೇಲೆ ಏನಾಗುತ್ತದೆ ಎಂಬುದು ಹೊಳೆದಿರಲಿಲ್ಲ. ಎದ್ದು ಹೋಗಿ, "ಅಕ್ಕ, ಮರ್ಯಾದೆ ಉಳಿಸಿದ್ರಿ" ಎಂದೆ.

ಅವರು ಪೆನ್ಸಿಲ್ ಕೆಳಗಿಟ್ಟರು. "ಒಂದು ವಿಷಯ ಹೇಳ್ಬೇಕು ಚಿಕ್ಕ ವಕೀಲರೇ. ಆ ಎಂಟು ಹಾಸಿಗೇಲಿ ಒಂದರ ಮೇಲೆ ಮಲಗೋದು ನನ್ನ ತಂಗಿ. ಎರಡು ವರ್ಷ ಆಯ್ತು."

ಅವರಿಗಿದ್ದದ್ದು ಆ ತಂಗಿಯೊಬ್ಬಳೇ. ಮಂಗಳವಾರ, ಗುರುವಾರ, ಶನಿವಾರ ನಾಲ್ಕಕ್ಕೆ ಸರಿಯಾಗಿ ಬ್ಯಾಗು ಹಿಡಿದು ಹೊರಡುತ್ತಿದ್ದರು. ಎಲ್ಲೋ ಟೈಪಿಂಗ್ ಹೇಳಿಕೊಡುತ್ತಾರೆ ಎಂದುಕೊಂಡಿದ್ದೆ. ಎರಡು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ.

ಆಗಲಾದರೂ ಕೇಳಬೇಕಿತ್ತು, ಹೇಗಿದ್ದಾಳೆ ಎಂದು. ಆದರೆ ನನ್ನ ಕೋಪ ನನಗಿಂತ ಎರಡು ಹೆಜ್ಜೆ ಮುಂದೆ ಹೋಗುತ್ತದೆ. ಬೆಲೆ ಕಡಿಮೆಯಾಗುವ ಯಾವ ಷರತ್ತಿಗೂ ಜಪ್ಪಯ್ಯ ಎಂದರೂ ಒಪ್ಪದ ಮೂವರು ಆ ಹತ್ತು ಜನರಲ್ಲಿದ್ದರು. ಬರೆದವರ ತಂಗಿಯೇ ಅಲ್ಲಿದ್ದಾಳೆಂದು ಗೊತ್ತಾದರೆ ಷರತ್ತು ಮಣ್ಣುಪಾಲು. "ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ? ಇದರಲ್ಲಿ ನಿಮ್ಮ ಸ್ವಂತ ಹಿತ ಇರೋವರೆಗೂ ಈ ಫೈಲ್ ಮುಟ್ಟಬೇಡಿ" ಎಂದು ಕೂಗಾಡಿದೆ.

ಷರಾ ಅಕ್ಕ ತಲೆಯಾಡಿಸಿದರು. ರಬ್ಬರ್ ತೆಗೆದು ಷರಾ ಅಳಿಸಿ, ಪುಡಿ ಊದಿ, ಕಟ್ಟನ್ನು ನನ್ನ ಕೈಗೆ ಕೊಟ್ಟರು. ಮುಂದೆ ಮೂರು ದಿನ ಬೇರೆ ಫೈಲುಗಳ ಕೆಲಸ ಮಾಡಿದರು, ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಇಂಥ ಕಡೆ ಕಾನೂನು ಕೇಳುವುದು ಇಷ್ಟೇ: ಹಿತ ಇದ್ದರೆ ಬಚ್ಚಿಡಬೇಡಿ, ಹೇಳಿಬಿಡಿ, ತೀರ್ಮಾನ ಉಳಿದವರು ಮಾಡಲಿ. ಅವರು ಹೇಳಿಯಾಗಿತ್ತು. ಅಷ್ಟು ಸಾಕು ಎಂದು ನಾನೇ ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ, ಬಿಗುಮಾನ.

ಗುರುವಾರ ಮೂರು ಗಂಟೆಗೆ ಹತ್ತೂ ಜನ ಸೇರಿದರು. ಅಳಿಸಿದ ಷರತ್ತನ್ನು ನಾನು ನೆನಪಿನಿಂದ ಮತ್ತೆ ಬರೆದು ಓದಿ, ಬರೆದವರು ಯಾರು, ಯಾಕೆ ಅಳಿಸಿದರು, ಎಲ್ಲ ಹೇಳಿಬಿಟ್ಟೆ. ಮ್ಯಾನೇಜರ್ ಮೇಡಂ ಲೆಕ್ಕ ಹಾಕಿ, ಮಾರುವಾಗ ಬೆಲೆಯಲ್ಲಿ ಐದರಲ್ಲಿ ಒಂದು ಪಾಲು ಹೋಗುತ್ತದೆ ಎಂದರು. ಮೂವರಲ್ಲೊಬ್ಬರು, "ತಂಗಿಗೋಸ್ಕರ ಬರ್ಕೊಂಡಿದ್ದಾರೆ ಬಿಡಿ" ಎಂದು ನಕ್ಕರು.

ಟೈರ್ ಸಾಹುಕಾರರು ನಗಲಿಲ್ಲ. "ಇರ್ಲಿ. ನಾವು ಹತ್ತು ಜನ ಓದಿದ್ವಿ, ವಕೀಲ್ರೂ ಓದಿದ್ರು. ನಮ್ಮಲ್ಲಿ ಒಬ್ಬರಿಗಾದ್ರೂ ಹೊಳೀತಾ? ಅಲ್ಲಿ ನಮ್ಮವರು ಯಾರೂ ಇಲ್ಲ, ಅದಕ್ಕೇ ಹೊಳೀಲಿಲ್ಲ. ಇದು ಅವರ ಹಿತ ಹೌದು. ನಾವು ಫಂಡ್ ಮಾಡ್ತಿರೋದು ಮತ್ಯಾರ ಹಿತಕ್ಕೆ?" ಎಂದರು. ಏಳು ಕೈ ಮೇಲೆದ್ದವು. ಷರತ್ತು ನಿಂತಿತು. ಫಂಡಿನ ಸಲಹಾ ಸಮಿತಿಯಲ್ಲಿ ರೋಗಿಗಳ ಮನೆಯವರೊಬ್ಬರು ಇರಬೇಕೆಂಬ ಸಾಲನ್ನು ಮೇಡಂ ತಾವಾಗಿಯೇ ಸೇರಿಸಿದರು.

ನಾಲ್ಕೂವರೆ ಆಗಿತ್ತು. ಕ್ಷಮೆ ಕೇಳುವುದು ನಾಳೆಗೆ ಬೇಡ ಎಂದು ಕಾಗದ ಹಿಡಿದು ಕೇಂದ್ರಕ್ಕೆ ಹೋದೆ. ಸ್ಪಿರಿಟ್ಟಿನ ವಾಸನೆ, ಯಂತ್ರಗಳ ಗುಂಯ್ ಸದ್ದು, ಹಾಸಿಗೆಗೊಂದು ನೀಲಿ ಪರದೆ. ಅರ್ಧ ದರದ ಸಾಲಿನಲ್ಲಿ ಎಂಟೂ ಹಾಸಿಗೆ ನೋಡಿದೆ, ಅಕ್ಕ ಇಲ್ಲ. ಕೊನೆಯ ಹಾಸಿಗೆಯಲ್ಲಿ ಬಸ್ ಕಂಡಕ್ಟರಾಗಿದ್ದ ಮುದುಕರೊಬ್ಬರು ನಿದ್ದೆ ಹೋಗಿದ್ದರು.

"ಅವರು ಪೂರ್ತಿ ದರದ ಕಡೆ ಹೋದ್ರಲ್ಲ" ಎಂದರು ನರ್ಸ್, ಅಕ್ಕ ತಂಗಿ ಎಲ್ಲಿ ಎಂದು ಕೇಳಿದ್ದಕ್ಕೆ. "ಮಂಗಳವಾರ ಅಕ್ಕನೇ ಬಂದು ಹಾಸಿಗೆ ಬಿಡ್ತೀವಿ ಅಂತ ಬರೆದುಕೊಟ್ರು. ಈ ಅಜ್ಜ ಏಳು ತಿಂಗಳಿಂದ ಕಾಯ್ತಿದ್ರು ಸಾರ್."



ಷರಾ ಅಕ್ಕ ಆ ಕಡೆಯ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ಕಂಡದ್ದೇ ಬ್ಯಾಗಿನಿಂದ ರಸೀದಿ ತೆಗೆದು ಕೊಟ್ಟರು. "ಒಳ್ಳೇದಾಯ್ತು ಬಂದ್ರಿ. ನೋಡಿ, ಪೂರ್ತಿ ದರ. ಈಗ ನನ್ನ ಹಿತ ಏನೂ ಇಲ್ಲವಲ್ಲ, ಷರಾ ವಾಪಸ್ ಬರೀಲಾ?"

ಅವರ ಸಂಬಳ ಕೊಡುವವನು ನಾನು. ತಿಂಗಳಿಗೆ ಹನ್ನೆರಡು ಸಲ ಪೂರ್ತಿ ದರ ಕೊಟ್ಟರೆ ಅದರಲ್ಲಿ ಏನು ಮಿಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಸಂಬಳ ಹೆಚ್ಚಿಸುವ ವಿಷಯಕ್ಕೆ ಆಮೇಲೆ ನಮ್ಮಿಬ್ಬರಿಗೂ ತಿಂಗಳುಗಟ್ಟಲೆ ಜಗಳವಾಗಿ, ಜನ್ಮದಲ್ಲಿ ಒಂದು ಸಲ ನಾನು ಗೆದ್ದೆ. ಅದು ಬೇರೆ ಮಾತು. ಅವತ್ತು ಮಾತ್ರ ರಸೀದಿಯನ್ನು ಅವರ ಕೈಗೇ ವಾಪಸ್ ಕೊಟ್ಟೆ. "ಷರತ್ತು ಪಾಸಾಯ್ತು ಅಕ್ಕ. ನೀವು ಹೇಳಿದ್ದೇ ಸಾಕಿತ್ತು. ಹಾಸಿಗೆ ಬಿಡಬೇಕಾಗಿರಲಿಲ್ಲ. ನಾನು ಕೋಪದಲ್ಲಿ ಏನೋ ಒದರಿಬಿಟ್ಟೆ, ತಪ್ಪಾಯ್ತು."

ಅವರು ರಸೀದಿ ನೋಡಿದರು. ಆಮೇಲೆ ಬಾಗಿಲಾಚೆ ಮಲಗಿದ್ದ ಕಂಡಕ್ಟರ್ ಅಜ್ಜನ ಕಡೆ ನೋಡಿದರು. "ಈಗ ಅವರನ್ನ ಎಬ್ಬಿಸೋಕಾಗುತ್ತಾ? ಬಿಡಿ" ಎಂದು ರಸೀದಿಯನ್ನು ಮಡಚಿ ಒಳಗಿಟ್ಟರು.

ಹಾಸಿಗೆಯ ಮೇಲೆ ತಂಗಿಗೆ ನಗು. ತೆಳ್ಳಗಿನ ಹೆಂಗಸು, ಕಣ್ಣಲ್ಲಿ ತುಂಟತನ. "ಚಿಕ್ಕ ವಕೀಲರು ಅಂದ್ರೆ ನೀವೇನಾ? ಹುಡುಗ ಅಂದ್ಕೊಂಡಿದ್ದೆ" ಎಂದಳು. "ಅದೆಷ್ಟು ವರ್ಷಕ್ಕೆ ಬರೆದಿದ್ದಾಳೆ ಇವಳು?"

"ಫಂಡಿಂದು ಹತ್ತು, ಮಾರಿದ ಮೇಲೆ ಹದಿನೈದು. ಇಪ್ಪತ್ತೈದು ವರ್ಷ."

"ಅಬ್ಬಬ್ಬಾ. ಇಪ್ಪತ್ತೈದು ವರ್ಷ ಯಾರು ಇರ್ತಾರೆ? ನಂಗಂತೂ ಅಷ್ಟೆಲ್ಲ ಬೇಡಪ್ಪ."

"ಬೇಕು" ಎಂದರು ಷರಾ ಅಕ್ಕ. ಪಕ್ಕದ ಹಾಸಿಗೆಯವರು ತಿರುಗಿ ನೋಡುವಷ್ಟು ಜೋರಾಗಿ. "ಇಪ್ಪತ್ತೈದೂ ಬೇಕು ನಂಗೆ."

 ಮೂವತ್ತೊಂದು ವರ್ಷದಲ್ಲಿ ಷರಾ ಅಕ್ಕ ತಮಗೆ ಇಂಥದ್ದು ಬೇಕು ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.