ಮೇಡಂ ಕೈಬಿಟ್ಟ ನಕ್ಷತ್ರ

ನಮ್ಮ ಮೇಡಂ ಎತ್ತರಕ್ಕೆ ಯಾವ ಸೀರೆಯೂ ಸಾಲುತ್ತಿರಲಿಲ್ಲ. ಅಂಚಿನ ಕೆಳಗೆ ಕಣಕಾಲು ಕಾಣುತ್ತಿತ್ತು. ಕಾಲಲ್ಲಿ ಗಂಡಸರ ಚರ್ಮದ ಚಪ್ಪಲಿ. ವರಾಂಡದಲ್ಲಿ ಅದರ ಟಪಟಪ ಕೇಳಿದರೆ ಸಾಕು, ಸಂಶೋಧನಾ ವಿದ್ಯಾರ್ಥಿಗಳಾದ ನಾವು ಹರಟೆ ನಿಲ್ಲಿಸಿ ಕಂಪ್ಯೂಟರಿನತ್ತ ತಿರುಗುತ್ತಿದ್ದೆವು.

ಅವರ ತಂದೆ ಮೈಸೂರಿನ ಕಡೆಯವರು. ರೈಲ್ವೆ ವರ್ಕ್‌ಶಾಪಿನ ಕೆಲಸಕ್ಕೆಂದು ತಮಿಳು ಸೀಮೆಯ ಪೆರಂಬೂರಿಗೆ ಬಂದು ಅಲ್ಲೇ ನೆಲೆಯಾದವರು. ನನ್ನದೂ ಅಂಥದೇ ಮನೆ. ಆದರೆ ನಾನು ಕನ್ನಡದ ಪ್ರಶ್ನೆಗೆ ತಮಿಳಿನಲ್ಲಿ ಉತ್ತರಿಸುವವಳು. ಮೇಡಂ ಬಿಡಲಿಲ್ಲ. “ಅರ್ಥವಾಗೋ ಭಾಷೇಲಿ ಬಾಯಿ ಬಿಡೋಕೇನು ಕಷ್ಟ ಮ್ಮಾ? ತಪ್ಪುತಪ್ಪಾಗೇ ಮಾತಾಡು, ಪರವಾಯಿಲ್ಲೆ.” ಇದನ್ನು ಕನ್ನಡದಲ್ಲಿ ಬರೆಯಲು ಆಗುತ್ತಿರುವುದು ಅವರಿಂದಲೇ.

ಅವರ ವಿಷಯ ಗಾಮಾ ಕಿರಣ. ಆಕಾಶದ ಎಷ್ಟೋ ಕಡೆಗಳಿಂದ ಅದು ಬರುತ್ತದೆ. ಹೊಮ್ಮಿಸುತ್ತಿರುವುದು ಯಾವುದೆಂದು ಮಾತ್ರ ಗೊತ್ತಿರುವುದಿಲ್ಲ. ನನಗೆ ಅವರು ವಿವರಿಸಿದ್ದು ಹೀಗೆ: “ಮಣಲಿ ಕಾರ್ಖಾನೆಗಳ ಕಡೆಯಿಂದ ನಾತ ಬಂದ್ರೆ ಯಾವ ಚಿಮಣಿದು ಅಂತ ಮೂಗಿಗೆ ಗೊತ್ತಾಗುತ್ತಾ? ಆ ಕಡೆಯಿಂದ ಅನ್ನೋದಷ್ಟೇ. ಗಾಮಾ ದೂರದರ್ಶಕಾನೂ ಹಾಗೇನೇ. ಆಮೇಲೆ ಕಣ್ಣು ಬೇಕು, ಕಿವಿ ಬೇಕು.” ಕಣ್ಣೆಂದರೆ ಬೆಳಕಿನ ದೂರದರ್ಶಕ, ಕಿವಿಯೆಂದರೆ ರೇಡಿಯೋ ದೂರದರ್ಶಕ.

ಅಂಥ ಒಂದು ಆಕರದ ಬಗ್ಗೆ ಉಳಿದವರೆಲ್ಲ ತೀರ್ಮಾನಕ್ಕೆ ಬಂದಾಗಿತ್ತು. ಆಕಾಶದ ಆ ತುಣುಕಿನಲ್ಲಿ, ರೇಡಿಯೋದಲ್ಲಿ ಪ್ರಖರವಾಗಿ ಕಾಣುವ ದೂರದ ಗೆಲಾಕ್ಸಿಯೊಂದಿತ್ತು. ಅದೇ ಮೂಲ ಎಂದರು. ಮೇಡಂ ಒಪ್ಪಲಿಲ್ಲ. “ಸಂತೇಲಿ ಜೋರಾಗಿ ಕೂಗೋನೇ ಕಳ್ಳ ಅಂತ ಹಿಡ್ಕೊಳ್ಳೋದಾ?” ಪಕ್ಕದಲ್ಲಿದ್ದ ಮಂಕು ನಕ್ಷತ್ರವೊಂದರ ಬೆಳಕು ಕೆಲವೇ ಗಂಟೆಗಳಲ್ಲಿ ಏರಿ ಇಳಿಯುತ್ತಿತ್ತು. ಅದರ ಜೊತೆಗೆ ಕಣ್ಣಿಗೆ ಕಾಣದ ಪಲ್ಸಾರ್, ಅಂದರೆ ಗಿರಗಿರನೆ ತಿರುಗುವ ಸತ್ತ ನಕ್ಷತ್ರ, ಇದೆ, ಗಾಮಾ ಕಿರಣ ಅದರದೇ ಎಂಬುದು ಅವರ ವಾದ. ಇದ್ದರೆ ರೇಡಿಯೋದಲ್ಲಿ ಅದರ ಮಿಡಿತ ಸಿಗಬೇಕು.

ದೂರದರ್ಶಕದ ಸಮಯ ಬೇಡಿ ಪಡೆದೆವು. ಮಿಡಿತ ಸಿಗಲಿಲ್ಲ.

“ಜೊತೆ ನಕ್ಷತ್ರದ ಅನಿಲ ಅಡ್ಡ ಬಂದಿರಬಹುದು ಮೇಡಂ. ಮತ್ತೆ ಸಮಯ ಕೇಳೋಣ,” ಎಂದೆ.

“ಎಷ್ಟು ಜನ ಕ್ಯೂನಲ್ಲಿ ಕಾಯ್ತಿದಾರೆ. ಬರೀ ನನ್ನ ಊಹೆ ನಂಬ್ಕೊಂಡು ಅವರ ಸಮಯ ಕಿತ್ಕೊಳ್ಳೋದಾ? ಬೇಡ.”

ಕ್ಯಾಂಟೀನಿನಲ್ಲಿ ಹೇಳಿದ ಕಾಫಿ ಬಾರದಿದ್ದರೆ ಇನ್ನೊಮ್ಮೆ ಕೇಳದೆ, ಕುಡಿಯದೇ ಎದ್ದುಬರುವವರು ಅವರು. ನಾವು ಬರೆಯುತ್ತಿದ್ದ ಪ್ರಬಂಧದಿಂದ ಆ ನಕ್ಷತ್ರದ ಭಾಗವನ್ನು ತಾವೇ ತೆಗೆದುಹಾಕಿದರು.

ಕೆಲವು ವರ್ಷಗಳ ಮೇಲೆ, ಅವರು ಕ್ಯಾನ್ಸರಿಗೆಂದು ಪೋರೂರಿನ ಆಸ್ಪತ್ರೆ ಸೇರಿದ್ದಾಗ ಸುದ್ದಿ ಬಂತು. ಹೊರದೇಶದ ತಂಡವೊಂದು ಅದೇ ಮಂಕು ನಕ್ಷತ್ರದ ಬಳಿ ಪಲ್ಸಾರಿನ ಮಿಡಿತ ಹಿಡಿದಿತ್ತು. ಹೇಳಬೇಕೋ ಬೇಡವೋ ಎಂದು ಲಿಫ್ಟಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಹೇಳಿದೆ.

“ನಾವು ಕೇಳಿದಾಗ ಅನಿಲದ ಮರೇಲಿತ್ತು, ಅಲ್ವಾ?”

“ಹೌದು ಮೇಡಂ.”

ಗೋಡೆಯತ್ತ ಮುಖ ತಿರುಗಿಸಿದರು. “ಇನ್ನೊಂದು ಸಲ ಕೇಳಬೇಕಾಗಿತ್ತು ಮ್ಮಾ,” ಅಂದರು. ಮತ್ತೆ ನನ್ನತ್ತ ತಿರುಗಿ, “ಅವರಿಗೆ ನಮ್ಮಿಬ್ಬರ ಪರವಾಗಿ ಅಭಿನಂದನೆ ಬರಿ. ನಮಗೆ ಮೊದಲೇ ಗೊತ್ತಿತ್ತು ಅಂತ ಬರೀಬೇಡ. ಗೊತ್ತಿರಲಿಲ್ಲ, ಅನ್ನಿಸಿತ್ತು, ಅಷ್ಟೇ.”

ಆ ತಂಡದ ಮುಖ್ಯಸ್ಥನ ಉತ್ತರ ಬರುವಷ್ಟರಲ್ಲಿ ಮೇಡಂ ಹೋಗಿಬಿಟ್ಟಿದ್ದರು. ಧನ್ಯವಾದ ಹೇಳಿ, ಕೊನೆಯಲ್ಲಿ ಕೇಳಿದ್ದ: ನೀವೂ ಎಂದಾದರೂ ಇದನ್ನು ಹುಡುಕಿದ್ದಿರಾ?

ಮೇಡಂ ಬಗ್ಗೆ ಉದ್ದಕ್ಕೆ ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ‘ಒಂದು ಸಲ ಹುಡುಕಿದ್ದೆವು’ ಎಂದಷ್ಟೇ ಕಳಿಸಿದೆ.